ಎಂಪಿಂಗೊ: ನೀರಲ್ಲಿ ಮುಳುಗುವ, ಸಭೆಯಲ್ಲಿ ಹಾಡುವ ಮರ

ಕಲ್ಲು ನೀರಿನಲ್ಲಿ ಮುಳುಗುತ್ತದೆ, ಮರ ತೇಲುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಓದಿದ ಈ ಪಾಠ ಎಲ್ಲ ಮರಕ್ಕೂ ಅನ್ವಯಿಸುವುದಿಲ್ಲ ಎಂದು ನನಗೆ ಗೊತ್ತಾಗಿದ್ದು ಕಳೆದ ಡಿಸೆಂಬರ್‌ನಲ್ಲಿ, ನಮ್ಮೂರಿನ ಆಚಾರ್ರ ಶೆಡ್ಡಿನಲ್ಲಿ.

ಅಜ್ಜ ತಮ್ಮ ಪ್ರಾಯದಲ್ಲಿ ಪೇಟೆಯ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದರು. ಮದುವೆ ದಿಬ್ಬಣ, ಗಣೇಶನ ಮೆರವಣಿಗೆ, ಊರಿನ ತೇರು ಎಲ್ಲಕ್ಕೂ ಅವರೇ ಬೇಕಿತ್ತಂತೆ. ಅವರು ಹೋದ ಮೇಲೆ ವಾದ್ಯ ಅಟ್ಟದ ಟ್ರಂಕು ಸೇರಿತು. ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಬಂದ ನಾನು, ಹೊತ್ತು ಹೋಗದೆ ಅದನ್ನು ಕೆಳಗಿಳಿಸಿದೆ. ಯೂಟ್ಯೂಬ್ ನೋಡಿಕೊಂಡು ಜಗುಲಿಯ ಮೇಲೆ ಕೂತು ದಿನಕ್ಕೆ ಎರಡೆರಡು ಗಂಟೆ ಊದಿದೆ. ಮಲೆನಾಡಿನ ಡಿಸೆಂಬರ್ ಬೆಳಗು, ಕೊರೆಯುವ ಚಳಿ. ಮೂರನೇ ದಿನ ಟಕ್ ಎಂದು ಸಣ್ಣ ಸದ್ದಾಯಿತು. ನೋಡಿದರೆ ಮೇಲಿನ ಕೊಳವೆಯಲ್ಲಿ ಕೂದಲೆಳೆಯಂಥ ಬಿರುಕು. ಎರಡು ಕೊಳವೆಗಳನ್ನು ಬಿಚ್ಚುವ ಗಡಿಬಿಡಿಯಲ್ಲಿ ತುದಿಯ ಒಂದು ಚೂರೂ ಎದ್ದು ಬಂತು. ಅಜ್ಜಿ ಏನೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆಚಾರ್ರ ಹತ್ತಿರ ಓಡಿದೆ. ಅವರು ಕನ್ನಡಕ ಹಣೆಗೇರಿಸಿ ತಿರುಗಿಸಿ ತಿರುಗಿಸಿ ನೋಡಿದರು. "ಇದು ಬೀಟೆಯಲ್ಲ ಮಾರಾಯ. ಬೀಟೆ ಇಷ್ಟು ಕಪ್ಪಿರೋದಿಲ್ಲ, ಇಷ್ಟು ತೂಕಾನೂ ಇರೋದಿಲ್ಲ" ಎಂದವರೇ, ಆ ಚೂರನ್ನು ಕುಡಿಯುವ ನೀರಿನ ಲೋಟಕ್ಕೆ ಹಾಕಿದರು. ಚೂರು ಸೀದಾ ತಳಕ್ಕೆ ಹೋಗಿ ಕೂತಿತು. "ಐವತ್ತು ವರ್ಷದಿಂದ ಮರದ ಕೆಲಸ ಮಾಡ್ತಿದ್ದೀನಿ. ಯಾವೂರಿಂದು ಇದು?" ಎಂದು ನನ್ನನ್ನೇ ಕೇಳಿದರು. ಆ ಪ್ರಶ್ನೆಯ ಬೆನ್ನು ಹತ್ತಿದಾಗ ಸಿಕ್ಕಿದ್ದು ಆಫ್ರಿಕಾದ ಎಂಪಿಂಗೊ.

ಬೀಟೆಯ ಬಂಧು

ಎಂಪಿಂಗೊ ಎಂಬುದು ಸ್ವಾಹಿಲಿ ಭಾಷೆಯ ಹೆಸರು. ಸಸ್ಯಶಾಸ್ತ್ರದಲ್ಲಿ ಇದು ಡಾಲ್ಬರ್ಜಿಯಾ ಮೆಲನಾಕ್ಸಿಲಾನ್. ಗ್ರೀಕ್ ಮೂಲದ 'ಮೆಲನಾಕ್ಸಿಲಾನ್' ಪದಕ್ಕೆ ಕಪ್ಪು ಮರ ಎಂದೇ ಅರ್ಥ. ಇಂಗ್ಲಿಷಿನಲ್ಲಿ ಆಫ್ರಿಕನ್ ಬ್ಲ್ಯಾಕ್‌ವುಡ್, ವಾದ್ಯ ತಯಾರಕರ ಬಾಯಲ್ಲಿ ಗ್ರೆನಡಿಲ್ಲಾ. ನಮ್ಮ ಬೀಟೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಅಂದರೆ ಇವೆರಡೂ ಒಂದೇ ಕುಲದ ಮರಗಳು, ದೂರದ ದಾಯಾದಿಗಳು. ಆಚಾರ್ರಿಗೆ ಮೊದಲು ಬೀಟೆಯ ನೆನಪಾಗಿದ್ದರಲ್ಲಿ ತಪ್ಪಿರಲಿಲ್ಲ.

ಆದರೆ ಇದನ್ನು ಕಪ್ಪು ಬಣ್ಣಕ್ಕೇ ಹೆಸರಾದ ಎಬೊನಿ ಎಂದು ತಿಳಿಯುವವರು ಜಾಸ್ತಿ. ಎಬೊನಿ ಬೇರೆಯೇ ಕುಟುಂಬದ ಮರ. ಬೀಡಿ ಎಲೆಯ ಮರ ಅದರ ಕುಲದ್ದು. ಎಂಪಿಂಗೊ ಅವರೆ, ತೊಗರಿಗಳ ಕುಟುಂಬಕ್ಕೆ ಸೇರಿದ್ದು. ತಮಾಷೆಯೆಂದರೆ, ಎಬೊನಿ ಎಂಬ ಶಬ್ದದ ಮೂಲ ಪ್ರಾಚೀನ ಈಜಿಪ್ಟಿನ 'ಹಬ್ನಿ' ಎಂಬ ಪದ, ಮತ್ತು ಈಜಿಪ್ಟಿನವರು ಹಬ್ನಿ ಎಂದು ಕರೆದು ಅರಮನೆಯ ಪೀಠೋಪಕರಣಕ್ಕೆ ಬಳಸುತ್ತಿದ್ದ ಕಪ್ಪು ಮರ ಎಂಪಿಂಗೊ ಎಂದು ತಜ್ಞರು ಗುರುತಿಸಿದ್ದಾರೆ. ಹೆಸರು ಇದರದ್ದು, ಹೆಸರುವಾಸಿಯಾದದ್ದು ಇನ್ನೊಂದು!

ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಎರಿಟ್ರಿಯಾದವರೆಗೆ, ಕೆಳಗೆ ದಕ್ಷಿಣ ಆಫ್ರಿಕಾದವರೆಗೆ ಒಣ ಕಾಡುಗಳಲ್ಲಿ ಈ ಮರ ಹಬ್ಬಿದೆ. ವ್ಯಾಪಾರಕ್ಕೆ ಯೋಗ್ಯವಾದ ಮರ ಬರುವುದು ಮುಖ್ಯವಾಗಿ ಟಾಂಜಾನಿಯಾ ಮತ್ತು ಮೊಜಾಂಬಿಕ್‌ಗಳಿಂದ. ಟಾಂಜಾನಿಯಾಕ್ಕೆ ಇದು ರಾಷ್ಟ್ರೀಯ ವೃಕ್ಷ. ಹಾಗೆಂದು ನಮ್ಮ ಕಾಡಿನ ಬೀಟೆಯಂತೆ ಮುಗಿಲೆತ್ತರದ ಮರವನ್ನು ಕಲ್ಪಿಸಿಕೊಳ್ಳಬೇಡಿ. ಇದು ಮುಳ್ಳು ತುಂಬಿದ, ಗಂಟುಗಂಟಾದ, ಅನೇಕ ಕವಲುಗಳ ಕುಳ್ಳ ಮರ. ಎತ್ತರ ಸಾಮಾನ್ಯವಾಗಿ 5ರಿಂದ 8 ಮೀಟರ್, ಬಹಳವೆಂದರೆ 15. ಕಾಂಡ ಒಂದು ಅಡಿ ದಪ್ಪವಾಗುವುದೇ ದೊಡ್ಡದು. ಅಷ್ಟು ದಪ್ಪವಾಗಲು 60ರಿಂದ 100 ವರ್ಷ ಬೇಕು. ನೋಡಿದರೆ ಯಾರೂ ಬೆಲೆ ಕಟ್ಟುವಂಥ ಮರವಲ್ಲ. ಅದರ ಬೆಲೆ ಇರುವುದೆಲ್ಲ ಒಳಗೆ.

ಚೇಗಿನ ಗುಣ

ತೊಗಟೆಯ ಕೆಳಗೆ ತೆಳುವಾದ, ಹಳದಿ ಮಿಶ್ರಿತ ಬಿಳಿಮರದ ಪದರ. ಅದರೊಳಗೆ ಗೆರೆ ಎಳೆದಂತೆ ಶುರುವಾಗುತ್ತದೆ ಚೇಗು. ಹೊಸದಾಗಿ ಕೊಯ್ದಾಗ ಗಾಢ ನೇರಳೆ ಛಾಯೆಯ ಕಂದು, ಬರುಬರುತ್ತ ಕಡುಕಪ್ಪು. ಒಂದು ಘನ ಮೀಟರ್ ನೀರಿನ ತೂಕ 1000 ಕೆ.ಜಿ. ಅಷ್ಟೇ ಗಾತ್ರದ ಎಂಪಿಂಗೊ ಚೇಗು ಸುಮಾರು 1200ರಿಂದ 1300 ಕೆ.ಜಿ. ತೂಗುತ್ತದೆ. ಲೋಟದ ತಳ ಸೇರಿದ ಚೂರಿನ ಗುಟ್ಟು ಇಷ್ಟೇ.

ಎಳೆಗಳು ಎಷ್ಟು ಒತ್ತೊತ್ತಾಗಿವೆ ಎಂದರೆ ನುಣುಪು ಮಾಡಿದ ಮೇಲೆ ಬರಿಗಣ್ಣಿಗೆ ರಂಧ್ರಗಳೇ ಕಾಣುವುದಿಲ್ಲ. ಮರದಲ್ಲೇ ಎಣ್ಣೆಯಂಶ ಇರುವುದರಿಂದ ವಾರ್ನಿಷ್ ಬಳಿಯದಿದ್ದರೂ ಬಟ್ಟೆಯಲ್ಲಿ ಉಜ್ಜಿದರೆ ಸಾಕು, ಕನ್ನಡಿಯಂತೆ ಹೊಳೆಯುತ್ತದೆ. ನೀರು ಸುಲಭವಾಗಿ ಒಳಗಿಳಿಯುವುದಿಲ್ಲ. ಗೆದ್ದಲು ಹತ್ತಿರ ಸುಳಿಯುವುದು ಕಷ್ಟ. ಒಮ್ಮೆ ಚೆನ್ನಾಗಿ ಒಣಗಿದರೆ ಹಿಗ್ಗುವುದು, ಕುಗ್ಗುವುದು ತೀರಾ ಕಡಿಮೆ.

ಆದರೆ ಕೆಲಸಗಾರನಿಗೆ ಇದು ಸುಲಭಕ್ಕೆ ಬಗ್ಗುವುದಿಲ್ಲ. ಮಾಮೂಲಿ ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ. ಉಳಿಯನ್ನು ಮತ್ತೆ ಮತ್ತೆ ಮಸೆಯಬೇಕು. ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡುವವರು ಕಾರ್ಬೈಡ್ ಹಲ್ಲಿನ ಹತಾರಗಳನ್ನೇ ಬಳಸುತ್ತಾರೆ. ಕೀಸುಳಿಗಿಂತ ಲೇತ್ ಇದಕ್ಕೆ ಒಗ್ಗುತ್ತದೆ. ಲೇತ್ ಮೇಲೆ ತಿರುಗಿಸಿ ಕಡೆಯುವಾಗ ಮರಕ್ಕಿಂತ ಹಿತ್ತಾಳೆ ಕಡೆದ ಅನುಭವವಾಗುತ್ತದೆ ಎನ್ನುತ್ತಾರೆ ಬಲ್ಲವರು. ಲೋಹದಲ್ಲಿ ಕೊರೆದಂತೆ ಇದರಲ್ಲಿ ಸ್ಕ್ರೂ ಮರೆ ಕೊರೆಯಬಹುದು, ಅಂಚು ಉದುರುವುದಿಲ್ಲ. ಅಜ್ಜನ ಕ್ಲಾರಿಯೊನೆಟ್ಟಿನ ಕೀಲಿಗಳನ್ನು ಹಿಡಿದಿರುವ ಪುಟ್ಟ ಕಂಬಗಳು ನೇರವಾಗಿ ಮರಕ್ಕೇ ತಿರುಚಿಕೊಂಡು ಕೂತಿವೆ. ಮೊಳೆ ಇಲ್ಲ, ಅಂಟೂ ಇಲ್ಲ.

ಅಂಟಿಸಬೇಕಾದರೆ ಇನ್ನೊಂದು ತೊಡಕು. ಮರದ ಎಣ್ಣೆಯಂಶ ಅಂಟನ್ನು ಹಿಡಿಯಗೊಡುವುದಿಲ್ಲ. ಅಂಟು ಹಚ್ಚುವ ಮುಂಚೆ ಆ ಜಾಗವನ್ನು ಅಸಿಟೋನ್‌ನಿಂದ ಒರೆಸಿ, ಒಣಗಿದ ಕೂಡಲೇ ಜೋಡಿಸಬೇಕು. ದೂಳಿನ ಬಗ್ಗೆಯೂ ಎಚ್ಚರ ಬೇಕು. ಇದರ ಸಣ್ಣ ಹೊಟ್ಟು ಕೆಲವರಿಗೆ ಚರ್ಮದ ತುರಿಕೆ, ಸೀನು, ಉಬ್ಬಸ ತರುತ್ತದೆ. ಮಾಸ್ಕ್ ಇಲ್ಲದೆ ಉಜ್ಜಲು ಕೂರಬಾರದು.

ಕಾಡಿನಿಂದ ಕಾರ್ಖಾನೆಗೆ

ಇಷ್ಟೆಲ್ಲ ಗುಣಗಳಿದ್ದರೂ ಈ ಮರದ ಬಾಗಿಲು, ಮಂಚ ಯಾಕೆ ಕಾಣುವುದಿಲ್ಲ? ಉದ್ದನೆಯ, ನೆಟ್ಟಗಿನ ಹಲಗೆ ಇದರಲ್ಲಿ ಸಿಗುವುದೇ ಇಲ್ಲ. ಕಾಂಡ ತಿರುಚಿಕೊಂಡಿರುತ್ತದೆ. ಹೊರಗೆ ಗಟ್ಟಿಯಾಗಿ ಕಂಡ ದಿಮ್ಮಿಯ ಒಳಗೆ ಟೊಳ್ಳು, ಸೀಳು, ಒಳಸೇರಿದ ತೊಗಟೆ ಇರುತ್ತದೆ. ಗರಗಸದಡಿ ಇಡುವವರೆಗೂ ಗೊತ್ತಾಗುವುದಿಲ್ಲ. ವಾದ್ಯಕ್ಕೆ ಬೇಕಾದದ್ದು ಒಂದು ಗಂಟೂ ಇಲ್ಲದ, ಒಂದು ಬಿರುಕೂ ಇಲ್ಲದ ಪುಟ್ಟ ತುಂಡು. ಹಾಗಾಗಿ ಕಡಿದ ಮರದಲ್ಲಿ ವಾದ್ಯದ ತುಂಡಾಗಿ ಉಳಿಯುವುದು ಸಾಮಾನ್ಯವಾಗಿ ಶೇ 10ರ ಆಸುಪಾಸು ಮಾತ್ರ. ಮಿಕ್ಕಿದ್ದರಲ್ಲಿ ಚೂರಿ ಹಿಡಿ, ಚದುರಂಗದ ಕಾಯಿ, ಬಾಚಣಿಗೆ, ಊರುಗೋಲು, ಆಭರಣದ ಮಣಿ ಆದಷ್ಟು ಆಯಿತು. ಉಳಿದದ್ದು ಸೌದೆ, ಹೊಟ್ಟು.

ಕೊಯ್ದ ತುಂಡುಗಳ ಎರಡೂ ತುದಿಗೆ ಮೇಣ ಸವರುತ್ತಾರೆ. ಮರದ ನೀರು ತುದಿಗಳಿಂದಲೇ ಬೇಗ ಹೊರಹೋಗುತ್ತದೆ. ಒಳಗಿನ ಭಾಗ ಒಣಗುವ ಮೊದಲೇ ತುದಿ ಒಣಗಿದರೆ ಸೀಳುತ್ತದೆ. ಮೇಣ ಆ ಅವಸರವನ್ನು ತಡೆಯುತ್ತದೆ. ಹೀಗೆ ಮೇಣ ಸವರಿದ ತುಂಡುಗಳನ್ನು ನೆರಳಿನಲ್ಲಿ ವರ್ಷಗಟ್ಟಲೆ ಒಣಗಲು ಬಿಡುತ್ತಾರೆ. ಆಮೇಲೆ ನಡುವೆ ರಂಧ್ರ ಕೊರೆದು, ಮತ್ತೆ ಸ್ವಲ್ಪ ಕಾಲ ಇಟ್ಟು, ಕೊನೆಗೆ ಕಡೆದು ಅಳತೆಗೆ ತರುತ್ತಾರೆ. ನೂರು ವರ್ಷ ನಿಧಾನವಾಗಿ ಬೆಳೆದ ಮರ, ತನ್ನನ್ನು ಮುಟ್ಟುವವರಿಂದಲೂ ಅದೇ ನಿಧಾನವನ್ನು ಕೇಳುತ್ತದೆ.

18ನೇ ಶತಮಾನದಲ್ಲಿ ಯುರೋಪಿನ ಕ್ಲಾರಿಯೊನೆಟ್‌ಗಳು ಹೆಚ್ಚಾಗಿ ಬಾಕ್ಸ್‌ವುಡ್ ಎಂಬ ಹಳದಿ ಮರದವು. ಕೀಲಿಗಳು ಹೆಚ್ಚಾದಂತೆ, ಅವುಗಳ ಭಾರ ಹೊತ್ತೂ ಅಳತೆ ಕೆಡದ ಮರ ಬೇಕಾಯಿತು. ಆ ಜಾಗಕ್ಕೆ ಎಂಪಿಂಗೊ ಬಂದು ಕೂತಿತು. ಈಗ ಒಳ್ಳೆಯ ಕ್ಲಾರಿಯೊನೆಟ್, ಓಬೊ, ಪಿಕಲೊ, ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್‌ನ ಕೊಳವೆ ಎಂದರೆ ಬಹುಮಟ್ಟಿಗೆ ಇದೇ ಮರ. ನಮ್ಮ ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿ ಅವರು ಹಿಂದೂಸ್ತಾನಿ ರಾಗಗಳನ್ನು ನುಡಿಸಿ ಹೆಸರಾದದ್ದೂ ಕ್ಲಾರಿಯೊನೆಟ್ಟಿನಲ್ಲೇ.

ಹಾಗಾದರೆ ನಾದ ಬರುವುದು ಮರದಿಂದಲೇ? ಅಷ್ಟು ಸರಳವಲ್ಲ. ವೀಣೆಯಲ್ಲಿ ಮರವೂ ತಂತಿಯ ಜತೆ ಕಂಪಿಸುತ್ತದೆ. ಊದುವ ವಾದ್ಯದಲ್ಲಿ ಮುಖ್ಯವಾಗಿ ಕಂಪಿಸುವುದು ಕೊಳವೆಯೊಳಗಿನ ಗಾಳಿ. ಮರದ ಕೆಲಸ ಆ ಗಾಳಿಗೆ ಸರಿಯಾದ ಮನೆ ಕಟ್ಟಿಕೊಡುವುದು. ಒಳಮೈ ಗಾಜಿನಷ್ಟು ನುಣುಪಾಗಿರಬೇಕು, ರಂಧ್ರಗಳ ಅಂಚು ಚೂಪಾಗಿರಬೇಕು, ಉಸಿರಿನ ತೇವಕ್ಕೆ ಅಳತೆ ಬದಲಾಗಬಾರದು. ಇದನ್ನೆಲ್ಲ ಹತ್ತಾರು ವರ್ಷ ಕಾಪಾಡಿಕೊಂಡು ಬರುವುದರಲ್ಲಿ ಎಂಪಿಂಗೊಗೆ ಸಾಟಿಯಾದ ಮರಗಳು ಕಡಿಮೆ.

ಮಕೊಂಡೆಯವರ ಉಳಿ

ಮರ ಬೆಳೆಯುವ ನಾಡಿನವರು ಅದನ್ನು ಬಳಸುವ ರೀತಿಯೇ ಬೇರೆ. ಟಾಂಜಾನಿಯಾ, ಮೊಜಾಂಬಿಕ್ ಗಡಿಯ ಪ್ರಸ್ಥಭೂಮಿಯ ಮಕೊಂಡೆ ಜನಾಂಗದವರು ಮರದ ಕೆತ್ತನೆಗೆ ಜಗತ್ತಿನಲ್ಲೇ ಹೆಸರುವಾಸಿ. ಇವರ 'ಉಜಮಾ' ಶೈಲಿಯ ಕೆತ್ತನೆಯಲ್ಲಿ ಒಂದೇ ದಿಮ್ಮಿಯಲ್ಲಿ ಇಡೀ ಕುಟುಂಬ ಮೂಡುತ್ತದೆ. ಒಬ್ಬರ ಹೆಗಲ ಮೇಲೆ ಒಬ್ಬರು, ಒಬ್ಬರನ್ನು ಒಬ್ಬರು ಹಿಡಿದುಕೊಂಡು ಹತ್ತಾರು ಜನ. ಎಲ್ಲಿಯೂ ಜೋಡಣೆ ಇಲ್ಲ. 'ಶೆಟಾನಿ' ಶೈಲಿಯಲ್ಲಿ ದಿಮ್ಮಿಯ ಸೊಟ್ಟವೇ ವಿಚಿತ್ರ ಆಕಾರದ ಭೂತವಾಗುತ್ತದೆ. ವಾದ್ಯದ ಕಾರ್ಖಾನೆ ಬೇಡವೆಂದು ಬಿಸಾಡುವ ಗಂಟು, ತಿರುಚು, ಟೊಳ್ಳು ಇವರ ಕೈಯಲ್ಲಿ ಕಣ್ಣು, ಮೂಗು, ಹೊಟ್ಟೆ! ಹೊರಗಿನ ಬಿಳಿಮರವನ್ನೂ ಕೆಲವರು ಬೇಕೆಂದೇ ಅಲ್ಲಲ್ಲಿ ಉಳಿಸುತ್ತಾರೆ.

ದಾರ್ ಎಸ್ ಸಲಾಮ್‌ನ ಎಂವೆಂಗೆ ಮಾರುಕಟ್ಟೆಯಲ್ಲಿ ಕೆತ್ತನೆಗಾರರು ಕೂತಲ್ಲೇ ಕೆತ್ತಿ ಮಾರುತ್ತಾರೆ. ಆದರೆ ಪ್ರವಾಸಿಗರು ಹೋಗುವ ಕಡೆಯೆಲ್ಲ ಅಗ್ಗದ ಮರಕ್ಕೆ ಬೂಟಿನ ಕಪ್ಪು ಪಾಲಿಶ್ ಬಳಿದು ಎಂಪಿಂಗೊ ಎಂದು ಮಾರುವವರೂ ಇದ್ದಾರೆ. ಪರೀಕ್ಷೆ ಸುಲಭ. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ಭಾರ ಇರಬೇಕು. ತಳವನ್ನು ಉಗುರಿನಲ್ಲೋ ಚಾಕುವಿನಲ್ಲೋ ಕೆರೆದರೆ ಒಳಗೂ ಕಪ್ಪೇ ಇರಬೇಕು.

ಖಾಲಿಯಾಗುತ್ತಿದೆ ಕಾಡು

ಯಾವುದೇ ಕಾಡಿನಲ್ಲಿ ಮೊದಲು ಕೊಡಲಿ ಬೀಳುವುದು ನೆಟ್ಟಗಿರುವ ಮರಕ್ಕೆ. ಎಂಪಿಂಗೊ ವಿಷಯದಲ್ಲೂ ಆಗಿದ್ದು ಅದೇ. ಒಳ್ಳೆಯ ಮರಗಳು ಹೋದವು, ಸೊಟ್ಟಗಿನವು ಉಳಿದವು. ಬಲಿತ ಮರ ಕಾಳ್ಗಿಚ್ಚನ್ನು ತಡೆದುಕೊಳ್ಳುತ್ತದೆ, ಆದರೆ ಎಳೆಯ ಸಸಿ ಸುಟ್ಟುಹೋಗುತ್ತದೆ. ಒಂದು ಮರ ಬಲಿಯಲು ನಮ್ಮ ಮೂರು ತಲೆಮಾರು ಬೇಕು. ಕಡಿಯಲು ಒಂದು ಮಧ್ಯಾಹ್ನ ಸಾಕು.

ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್, 2017ರ ಜನವರಿಯಿಂದ ಡಾಲ್ಬರ್ಜಿಯಾ ಕುಲದ ಮರಗಳನ್ನೆಲ್ಲ ತನ್ನ ನಿಯಂತ್ರಣಕ್ಕೆ ತಂದಿತು. ಎಂಪಿಂಗೊ ಜತೆಗೆ ನಮ್ಮ ಬೀಟೆಯೂ ಆ ಪಟ್ಟಿಗೆ ಸೇರಿತು. ವಾದ್ಯದೊಂದಿಗೆ ದೇಶದಿಂದ ದೇಶಕ್ಕೆ ಓಡಾಡುವ ಕಲಾವಿದರು, ವಾದ್ಯ ತಯಾರಕರು ಕಾಗದಪತ್ರಗಳಿಗೆ ಅಲೆಯಬೇಕಾಯಿತು. ಕೊನೆಗೆ 2019ರ ನವೆಂಬರ್‌ನಿಂದ ತಯಾರಾದ ವಾದ್ಯಗಳಿಗೂ ಅವುಗಳ ಬಿಡಿಭಾಗಗಳಿಗೂ ವಿನಾಯಿತಿ ಸಿಕ್ಕಿತು. ದಿಮ್ಮಿ, ಹಲಗೆಗಳಿಗೆ ನಿಯಮ ಹಾಗೆಯೇ ಇದೆ.

ಕಾನೂನು ಒಂದು ಕಡೆಯಾದರೆ, ನನಗೆ ಹೆಚ್ಚು ಹಿಡಿಸಿದ್ದು ಇಬ್ಬರು ವ್ಯಕ್ತಿಗಳ ಕಥೆ. ಜೇಮ್ಸ್ ಹ್ಯಾರಿಸ್ ಅಮೆರಿಕದ ಟೆಕ್ಸಾಸ್‌ನಲ್ಲಿ ಲೇತ್ ಮೇಲೆ ಮರ ಕಡೆಯುವ ಕುಶಲಕರ್ಮಿ. ಎಂಪಿಂಗೊ ಅವರ ಅಚ್ಚುಮೆಚ್ಚಿನ ಮರ. ಈ ಮರದ ಬಗ್ಗೆ ಬಂದ ಒಂದು ಸಾಕ್ಷ್ಯಚಿತ್ರ ನೋಡಿದಾಗ, ತಾನು ಬಳಸುವ ಮರಕ್ಕೆ ತಾನೇನು ಕೊಟ್ಟೆ ಎಂಬ ಪ್ರಶ್ನೆ ಅವರಿಗೆ ಎದುರಾಯಿತು. ಅದೇ ಚಿತ್ರದಲ್ಲಿದ್ದ ಟಾಂಜಾನಿಯಾದ ಸಸ್ಯತಜ್ಞ ಸೆಬಾಸ್ಟಿಯನ್ ಚುವಾ ಅವರಿಗೆ ಪತ್ರ ಬರೆದರು. 1996ರಲ್ಲಿ ಇಬ್ಬರೂ ಸೇರಿ ಎಂಪಿಂಗೊ ಸಂರಕ್ಷಣೆಯ ಯೋಜನೆ ಆರಂಭಿಸಿದರು. ಚುವಾ ಕಿಲಿಮಂಜಾರೊ ತಪ್ಪಲಿನ ಶಾಲೆಗಳಲ್ಲಿ ಮಕ್ಕಳ ಸಂಘ ಕಟ್ಟಿ ಸಸಿ ಬೆಳೆಸಿದರು. ಸಂಘದ ಹೆಸರು 'ಮಲಿಹೈ'. ಸ್ವಾಹಿಲಿಯಲ್ಲಿ 'ಜೀವಂತ ಆಸ್ತಿ' ಎಂದರ್ಥ. ಚುವಾ 2014ರಲ್ಲಿ ತೀರಿಕೊಂಡರು. ತಾವು ನೆಡಿಸಿದ ಎಂಪಿಂಗೊ ಬಲಿತದ್ದನ್ನು ಅವರು ನೋಡಲಿಲ್ಲ. ನೋಡುವುದಿಲ್ಲ ಎಂಬುದು ನೆಡುವಾಗಲೇ ಅವರಿಗೆ ಗೊತ್ತಿತ್ತು.

ಇನ್ನೊಂದು ದಾರಿ ಟಾಂಜಾನಿಯಾದ ಕಿಲ್ವಾ ಜಿಲ್ಲೆಯದು. ಅಲ್ಲಿನ 2002ರ ಅರಣ್ಯ ಕಾಯ್ದೆ ಹಳ್ಳಿಗಳಿಗೆ ತಮ್ಮದೇ ಮೀಸಲು ಅರಣ್ಯ ಘೋಷಿಸಿಕೊಳ್ಳುವ ಹಕ್ಕು ಕೊಟ್ಟಿತು. ಮರ ಮಾರಿದ ಹಣವೂ ಹಳ್ಳಿಗೇ. 2009ರಲ್ಲಿ ಕಿಲ್ವಾದ ಹಳ್ಳಿಗಳ ಕಾಡಿಗೆ, ಜವಾಬ್ದಾರಿಯ ಅರಣ್ಯ ನಿರ್ವಹಣೆಗೆ ಕೊಡುವ ಎಫ್‌ಎಸ್‌ಸಿ ಪ್ರಮಾಣಪತ್ರ ಸಿಕ್ಕಿತು. ಎಷ್ಟು ಮರ ಇದೆ ಎಂದು ಎಣಿಸಿ, ಎಷ್ಟು ಕಡಿಯಬಹುದೆಂದು ಲೆಕ್ಕ ಹಾಕಿ, ಅಷ್ಟನ್ನೇ ಮಾರುವ ಪದ್ಧತಿ ಅದು. ಬಂದ ಹಣದಿಂದ ಹಳ್ಳಿಗಳಲ್ಲಿ ಶಾಲೆಯ ಕಟ್ಟಡ, ಬಾವಿಯಂಥ ಕೆಲಸಗಳಾದವು. ಮರ ನಿಂತಿದ್ದರೆ ತಮಗೇ ಲಾಭ ಎಂದಾದಾಗ ಕಳ್ಳಸಾಗಣೆಗೆ ಊರವರೇ ಅಡ್ಡ ನಿಲ್ಲುತ್ತಾರೆ.

ಬದಲಿ ವಸ್ತುಗಳ ಹುಡುಕಾಟವೂ ನಡೆದಿದೆ. ಕಲಿಯುವವರಿಗೆ ಪ್ಲಾಸ್ಟಿಕ್ ಕ್ಲಾರಿಯೊನೆಟ್ ಧಾರಾಳವಾಗಿ ಸಾಕು. ಫ್ರಾನ್ಸಿನ ಬುಫೆ ಕ್ರಾಂಪಾ ಕಂಪನಿ 1990ರ ದಶಕದಲ್ಲೇ ಎಂಪಿಂಗೊ ಪುಡಿಗೆ ಕಾರ್ಬನ್ ನಾರು ಬೆರೆಸಿ ಒತ್ತಿದ ವಾದ್ಯಗಳನ್ನು ತಯಾರಿಸತೊಡಗಿತು. ಹೊಟ್ಟಾಗಿ ಹೋಗುತ್ತಿದ್ದ ಮರವೂ ಹಾಡತೊಡಗಿತು. ಅದಕ್ಕೆ ಚಳಿಗೆ ಬಿರುಕು ಬಿಡುವ ಭಯವೂ ಇಲ್ಲ.

ಬಿರುಕು ಕಲಿಸಿದ್ದು

ಅಷ್ಟು ಗಟ್ಟಿ ಮರ ನನ್ನ ಕೈಯಲ್ಲಿ ಯಾಕೆ ಸೀಳಿತು? ಕಾರಣ ಈಗ ಗೊತ್ತಾಗಿದೆ. ವರ್ಷಗಟ್ಟಲೆ ಟ್ರಂಕಿನಲ್ಲಿ ಒಣಗಿದ್ದ ಮರ. ಒಳಗಿನಿಂದ ನನ್ನ ಬಿಸಿಯಾದ, ತೇವದ ಉಸಿರು. ಹೊರಗೆ ಚಳಿ. ಒಳಮೈ ಹಿಗ್ಗಿತು, ಹೊರಮೈ ಹಿಗ್ಗಲಿಲ್ಲ. ಎಳೆದಾಟದಲ್ಲಿ ಮರ ಸೋತಿತು. ಹೊಸ ವಾದ್ಯವಾಗಲಿ, ಬಹಳ ಕಾಲ ಸುಮ್ಮನಿದ್ದ ವಾದ್ಯವಾಗಲಿ, ಮೊದಲ ಕೆಲವು ವಾರ ದಿನಕ್ಕೆ 15-20 ನಿಮಿಷಕ್ಕಿಂತ ಹೆಚ್ಚು ನುಡಿಸಬಾರದು. ನುಡಿಸುವ ಮೊದಲು ಕೈಯಲ್ಲಿ ಹಿಡಿದು ಹದವಾಗಿ ಬೆಚ್ಚಗಾಗಿಸಬೇಕು. ನುಡಿಸಿದ ಕೂಡಲೇ ಒಳಗಿನ ತೇವವನ್ನು ಬಟ್ಟೆಯಿಂದ ಎಳೆದು ಒರೆಸಬೇಕು. ಅಜ್ಜ ಇದ್ದಿದ್ದರೆ ಮೊದಲ ದಿನವೇ ಹೇಳುತ್ತಿದ್ದರು. ಯೂಟ್ಯೂಬಿನಲ್ಲಿ ನಾನು ರಾಗ ನುಡಿಸುವುದನ್ನು ಮಾತ್ರ ಹುಡುಕಿದ್ದೆ.

ಆಚಾರ್ರು ಆ ಚೂರನ್ನು ಅಸಿಟೋನ್‌ನಿಂದ ಒರೆಸಿ ಮತ್ತೆ ಅದರ ಜಾಗಕ್ಕೇ ಅಂಟಿಸಿದರು. ಒಡೆದ ಅಂಚನ್ನು ಅರದಿಂದ ಉಜ್ಜಿದಾಗ ಉದುರಿದ ಚಿಟಿಕೆ ಕಪ್ಪು ಪುಡಿಯನ್ನು ಕಾಗದದ ಮೇಲೆ ಹಿಡಿದಿಟ್ಟುಕೊಂಡರು. ಅದನ್ನೇ ಬಿರುಕಿಗೆ ತುಂಬಿ ತೆಳು ಅಂಟು ಬಿಟ್ಟು, ಒಣಗಿದ ಮೇಲೆ ನಯವಾಗಿ ಉಜ್ಜಿದರು. ದುಡ್ಡು ಎಷ್ಟು ಎಂದು ಕೇಳಿದ್ದಕ್ಕೆ, "ಇದಕ್ಕೆ ನಾನೇನು ತಗೊಳ್ಳಲಿ? ನನ್ನ ಆಯುಷ್ಯಕ್ಕಿಂತ ಹೆಚ್ಚು ಕಾಲ ಬೆಳೆದ ಮರ. ಜಾಗ್ರತೆ ಮಾಡು, ಸಾಕು" ಎಂದರು.

ನಮ್ಮ ವಯಸ್ಸಿನವರಿಗೆ ಎಲ್ಲವೂ ಬೇಗ ಬೇಕು. ಎರಡು ದಿನದಲ್ಲಿ ವಾದ್ಯ ಬರಬೇಕು, ಎರಡು ವರ್ಷದಲ್ಲಿ ಮರ ಬೆಳೆಯಬೇಕು. ನನ್ನ ಕೈಯಲ್ಲಿರುವ ಸುಮಾರು ಎರಡು ಅಡಿಯ ಕೋಲಿನ ಹಿಂದೆ ಆಫ್ರಿಕಾದ ಯಾವುದೋ ಕಾಡಿನ ಮುಕ್ಕಾಲು ಶತಮಾನದ ಮಳೆ, ಬಿಸಿಲು, ಕಾಳ್ಗಿಚ್ಚು ಇದೆ ಎಂದು ತಿಳಿದ ಮೇಲೆ ಮೊದಲಿನಂತೆ ಅದನ್ನು ಎತ್ತಿಕೊಂಡು ಊದಲು ಕೈ ಬರುವುದಿಲ್ಲ. ಮನೆಯಲ್ಲಿ ಹಳೆಯ ಮರದ ವಾದ್ಯವಿದ್ದರೆ ದುರಸ್ತಿ ಮಾಡಿಸಿ ಬಳಸಿ. ಹೊಸದನ್ನು ಕೊಳ್ಳುವಾಗ ಮರ ಎಲ್ಲಿಯದು ಎಂದು ಒಂದು ಮಾತು ಕೇಳಿ. ಕಲಿಯಲು ಪ್ಲಾಸ್ಟಿಕ್ಕಿನದೇ ಸಾಕಾದರೆ ಅದರಲ್ಲಿ ಸಂಕೋಚ ಬೇಡ.

ಈಗ ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ನುಡಿಸುತ್ತೇನೆ, ಬಿಸಿಲು ಏರಿದ ಮೇಲೆ, ಒಳಗಿನ ಕೋಣೆಯಲ್ಲಿ. ಸ್ವರಗಳು ಇನ್ನೂ ನೆಟ್ಟಗೆ ಬರುವುದಿಲ್ಲ. ಮೊನ್ನೆ ನುಡಿಸಿ ಒರೆಸಿ ಪೆಟ್ಟಿಗೆಯಲ್ಲಿ ಇಡುವಾಗ ಅಜ್ಜಿ ಅಡುಗೆಮನೆಯಿಂದಲೇ, "ನಿನ್ನಜ್ಜನೂ ಹೀಗೇ ಒರೆಸ್ತಿದ್ರು" ಎಂದರು.